ಅಪರೂಪದ ಪುಸ್ತಕವೂ ಸರಸ್ವತೀ ಭಂಡಾರವೂ

ಪುಸ್ತಕ ಹಳೆಯದಾದರೆ ಸಾಮಾನ್ಯವಾಗಿ ರದ್ದಿಗೆ ಹೋಗುತ್ತದೆ. ಆದರೆ ಅದರ ಒಳಹಾಳೆಯಲ್ಲಿ ಬರೆದವನ ಸಹಿಯಿದ್ದು, ಆತ ಹಿಮಖಂಡವನ್ನು ಕಂಡುಬಂದ ಸಾಹಸಿಯಾಗಿದ್ದರೆ ಅದರ ಹಣೆಬರಹವೇ ಬೇರೆ. ಧ್ರುವಯಾತ್ರಿಗಳ ಹಸ್ತಾಕ್ಷರವಿರುವ ಗ್ರಂಥಗಳನ್ನು ಹುಡುಕಿ ಸಂಗ್ರಹಿಸುವವರು ಪಾಶ್ಚಾತ್ಯ ದೇಶಗಳಲ್ಲಿ ಅನೇಕರಿದ್ದಾರೆ. ಪ್ರತಿಗಳು ಎಷ್ಟು ಕಡಿಮೆಯೋ ಬೆಲೆ ಅಷ್ಟು ಹೆಚ್ಚು ಎಂಬುದೇ ಈ ಹವ್ಯಾಸದ ಮೂಲಸೂತ್ರ.

1908ರಲ್ಲಿ ಅಂಟಾರ್ಕ್ಟಿಕದ ಕೇಪ್ ರಾಯ್ಡ್ಸ್ ಎಂಬಲ್ಲಿ ಅರ್ನೆಸ್ಟ್ ಶ್ಯಾಕಲ್ಟನ್‌ನ ತಂಡದವರು ದೀರ್ಘ ಚಳಿಗಾಲವನ್ನು ಕಳೆಯಲು ‘ಅರೋರಾ ಆಸ್ಟ್ರಾಲಿಸ್’ ಎಂಬ ಪುಸ್ತಕವನ್ನು ತಮ್ಮ ಬಿಡಾರದಲ್ಲೇ ಅಚ್ಚುಹಾಕಿದರು. ಶಾಯಿ ಹೆಪ್ಪುಗಟ್ಟದಂತೆ ದೀಪದ ಕಾವು ಕೊಡಬೇಕಾಗಿತ್ತು. ರಟ್ಟಿಗೆ ಆಹಾರ ಸಾಮಗ್ರಿಯ ಪೆಟ್ಟಿಗೆಗಳ ಹಲಗೆಯೇ ಆಧಾರವಾಯಿತು; ಪೆಟ್ಟಿಗೆಯಲ್ಲಿ ಏನಿತ್ತೆಂದು ತಿಳಿಸುವ ಅಕ್ಷರಗಳು ಕೆಲವು ಪ್ರತಿಗಳ ಮೇಲೆ ಇಂದಿಗೂ ಉಳಿದಿವೆ. ತಯಾರಾದ ಪ್ರತಿಗಳು ಸುಮಾರು ನೂರು. ಮರುವರ್ಷ, ಅಂದರೆ 1909ರಲ್ಲಿ, ಶ್ಯಾಕಲ್ಟನ್‌ನ ಪ್ರವಾಸ ಕಥನ ಲಂಡನ್ನಿನಲ್ಲಿ ಹೊರಬಂದಾಗ ಅದರ ವಿಶೇಷ ಆವೃತ್ತಿಯನ್ನು ಮುನ್ನೂರೇ ಪ್ರತಿಗಳಿಗೆ ಮಿತಿಗೊಳಿಸಲಾಯಿತು. ಅದರ ಜೊತೆಯ ಕಿರುಸಂಪುಟದಲ್ಲಿ ತಂಡದವರ ಸಹಿಗಳಿದ್ದವು.

ಆದರೆ ವಿರಳತೆಯೇ ಸಂಪತ್ತು ಎಂಬ ಮಾತು ಅಚ್ಚಿನ ಯಂತ್ರ ಬಂದ ಮೇಲಿನದು. ಓಲೆಗರಿಯ ಕಾಲದಲ್ಲಿ ಪ್ರತಿ ಕಡಿಮೆಯೆಂದರೆ ಗ್ರಂಥಕ್ಕೆ ಕೇಡುಗಾಲವೆಂದೇ ಅರ್ಥ. ಇದಕ್ಕೆ ನಿದರ್ಶನ ಬೇಕಿದ್ದರೆ ಕಲಬುರಗಿ ಜಿಲ್ಲೆಯ ಚಿಂಚೋಳಿ, ಸೇಡಂ, ಚಿತ್ತಾಪುರಗಳ ಸೀಮೆಯನ್ನು ನೋಡಿದರೆ ಸಾಕು.

ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತಿ ಪ್ರಾಚೀನವಾದುದು. ಅದು ತನಗಿಂತ ಹಿಂದಿನ ಕನ್ನಡ ಲೇಖಕರನ್ನು ಹೆಸರಿಸುತ್ತದೆ. ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರು ಗದ್ಯವನ್ನು ಬರೆದವರು. ಇವರ ಹೆಸರು ಉಳಿದಿದೆ, ಕನ್ನಡ ಕೃತಿ ಒಂದೂ ಉಳಿದಿಲ್ಲ. 972ರಲ್ಲಿ ಪರಮಾರ ದೊರೆ ಸೀಯಕ ಮಾನ್ಯಖೇಟವನ್ನು ಲೂಟಿ ಮಾಡಿದ. ಆದರೆ ಗ್ರಂಥನಾಶಕ್ಕೆ ಶತ್ರುಸೈನ್ಯವೇ ಬರಬೇಕೆಂದಿಲ್ಲ. ಗೆದ್ದಲು, ತೇವ, ಹೊಗೆಗಳೇ ಸಾಕು. ಸವೆದ ಓಲೆಯನ್ನು ನೋಡಿ ಹೊಸ ಓಲೆಗೆ ನಕಲು ಮಾಡುವವರು ಒಂದೆರಡು ತಲೆಮಾರು ಇಲ್ಲವಾದರೆ ಕಾವ್ಯದ ಕಥೆ ಅಲ್ಲಿಗೆ ಮುಗಿಯಿತು.

ಈ ಅಪಾಯವನ್ನು ಅಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ಜೈನರು ಆಹಾರ, ಅಭಯ, ಔಷಧಗಳೊಡನೆ ಶಾಸ್ತ್ರದಾನವನ್ನೂ ನಾಲ್ಕು ದಾನಗಳಲ್ಲಿ ಸೇರಿಸಿದರು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಆಸ್ಥಾನದಲ್ಲಿದ್ದ ಪೊನ್ನ ಬರೆದ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ದಾನಚಿಂತಾಮಣಿ ಅತ್ತಿಮಬ್ಬೆ ಬರೆಯಿಸಿ ಹಂಚಿದಳು. ಒಂದೊಂದು ಅಕ್ಷರವನ್ನೂ ಕಂಟದಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಸಾಮಾನ್ಯ ಸಾಹಸವಲ್ಲ. ಲಂಡನ್ನಿನ ಪ್ರಕಾಶಕರು ಪುಸ್ತಕ ಅಪರೂಪವಾಗಲೆಂದು ಪ್ರತಿಗಳನ್ನು ಮುನ್ನೂರಕ್ಕೆ ನಿಲ್ಲಿಸಿದರೆ, ಅತ್ತಿಮಬ್ಬೆ ಅದು ಅಪರೂಪವಾಗದಿರಲೆಂದು ಸಾವಿರಕ್ಕೆ ಏರಿಸಿದಳು. ‘ಶಾಂತಿಪುರಾಣ’ ಇಂದಿಗೂ ನಮ್ಮ ಓದಿಗೆ ಸಿಗುತ್ತದೆ.

ಬರೆಯಿಸಿದರಷ್ಟೇ ಸಾಲದು, ಕಾಯುವವರೂ ಬೇಕು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ 11ನೇ ಶತಮಾನದಲ್ಲಿ ಒಂದು ಘಟಿಕಾಸ್ಥಾನ, ಎಂದರೆ ಉನ್ನತ ವಿದ್ಯಾಕೇಂದ್ರ ಇತ್ತು. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದ, 1058ರ ಶಾಸನವು ದಂಡನಾಯಕ ಮಧುಸೂದನನು ಅದಕ್ಕೆ ಮಾಡಿದ ಏರ್ಪಾಡನ್ನು ವಿವರಿಸುತ್ತದೆ. ವೇದ ಕಲಿಯುವವರು 200, ಶಾಸ್ತ್ರ ಓದುವವರು 52. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಅಧ್ಯಾಪಕರು. ಇವರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರು! ಗ್ರಂಥಭಂಡಾರಕ್ಕೆ ಸರಸ್ವತಿಯ ಹೆಸರಿಟ್ಟು, ಅದನ್ನು ನೋಡಿಕೊಳ್ಳುವವರನ್ನು ಅಧ್ಯಾಪಕರಷ್ಟೇ ಸಂಖ್ಯೆಯಲ್ಲಿ ನೇಮಿಸಿದ್ದು ಗಮನಾರ್ಹ. ಲೆಕ್ಕ ಹಾಕಿದರೆ 42 ವಿದ್ಯಾರ್ಥಿಗಳಿಗೆ ಒಬ್ಬ ಗ್ರಂಥಪಾಲಕ. ಇಂದಿನ ಎಷ್ಟು ಕಾಲೇಜುಗಳು ಈ ಮಾತು ಹೇಳಬಲ್ಲವು?

ವಿಪರ್ಯಾಸವೆಂದರೆ, ಭಂಡಾರಿಗರ ಲೆಕ್ಕ ಕಲ್ಲಿನಲ್ಲಿ ಉಳಿಯಿತು. ಅವರು ಕಾಯುತ್ತಿದ್ದ ಓಲೆಗಳು ಉಳಿಯಲಿಲ್ಲ. ನಾಗಾವಿಯಲ್ಲಿ ಈಗ ಕಾಣುವುದು ಅರವತ್ತು ಕಂಬದ ಗುಡಿ, ಶಾಸನಗಳು ಮತ್ತು ಹಾಳುಬಿದ್ದ ಕಟ್ಟಡಗಳು. ಕಾಯುವ ವ್ಯವಸ್ಥೆ ಮುರಿದುಬಿದ್ದ ಮೇಲೆ ಎಂಥ ಭಂಡಾರವೂ ನಿಲ್ಲದು.

ಒಂದೇ ಪ್ರತಿಯ ಮೇಲೆ ಗ್ರಂಥದ ಆಯುಸ್ಸು ನಿಂತಿರುವುದು ಎಷ್ಟು ಅಪಾಯ ಎಂಬುದಕ್ಕೆ ಮೈಸೂರಿನ ಉದಾಹರಣೆಯೂ ಇದೆ. ಶತಮಾನಗಳ ಕಾಲ ಹೆಸರಷ್ಟೇ ಕೇಳಿಬರುತ್ತಿದ್ದ ಕೌಟಿಲ್ಯನ ‘ಅರ್ಥಶಾಸ್ತ್ರ’ದ ಓಲೆಪ್ರತಿಯನ್ನು ತಂಜಾವೂರು ಕಡೆಯ ಪಂಡಿತರೊಬ್ಬರು ಅಲ್ಲಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದ್ದರು. ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದರು. ಶ್ಯಾಕಲ್ಟನ್‌ನ ಸಹಿಯ ಸಂಪುಟ ಹೊರಬಂದ ವರ್ಷವೂ ಅದೇ. ಆ ಪಂಡಿತರು ಓಲೆಗಳನ್ನು ಅಟ್ಟದ ಮೇಲೆಯೇ ಬಿಟ್ಟಿದ್ದರೆ?

ಓಲೆಗರಿಯ ಕೊನೆಯಲ್ಲಿ ಕವಿಯ ಸಹಿ ಇರುವುದಿಲ್ಲ. ಅನೇಕ ವೇಳೆ ಇರುವುದು ಲಿಪಿಕಾರನ ಹೆಸರು, ಬರೆದು ಮುಗಿಸಿದ ದಿನ, ತಪ್ಪಿದ್ದರೆ ತಿದ್ದಿಕೊಳ್ಳಿರೆಂಬ ವಿನಂತಿ. ಸಂಗ್ರಾಹಕನ ಕಣ್ಣಿಗೆ ಅದು ಬರಿಯ ನಕಲು. ಆದರೆ ಕನ್ನಡದ ಹಳೆಯ ಕಾವ್ಯಗಳು ನಮ್ಮವರೆಗೆ ಬಂದದ್ದು ಅಂಥ ನಕಲುಗಾರರ ಕೈಯಿಂದಲೇ. ಮನೆಗಳಲ್ಲಿ, ಮಠಗಳಲ್ಲಿ, ಬಸದಿಗಳಲ್ಲಿ ಬಟ್ಟೆ ಸುತ್ತಿಟ್ಟ ಕಟ್ಟುಗಳು ಇನ್ನೂ ಇವೆ. ಪೂಜೆಯ ದಿನ ಅರಿಶಿನ ಕುಂಕುಮ ಏರಿಸಿ ಮತ್ತೆ ಕಟ್ಟಿಡುವುದರಿಂದ ಅವು ಉಳಿಯಲಾರವು. ಬಿಚ್ಚಿ ಓದಿ, ಛಾಯಾಪ್ರತಿ ತೆಗೆಸಿ, ಹತ್ತು ಕಡೆ ಇರಿಸಿದರೆ ಉಳಿದಾವು. ನಾಗಾವಿಯ ಭಂಡಾರಿಗರು ಇಂದು ಇದ್ದಿದ್ದರೆ ಮೊದಲು ಮಾಡುತ್ತಿದ್ದ ಕೆಲಸ ಅದೇ.