ಹಾಡುಗಾರರ ಗಂಟಲು, ಶಸ್ತ್ರವೈದ್ಯರ ಗಂಟಲು

ಹಾಡುವ ಮನುಷ್ಯನ ಧ್ವನಿಪೆಟ್ಟಿಗೆಯನ್ನು ಕಣ್ಣಾರೆ ಕಂಡು ಬರೆದಿಟ್ಟವರು ವೈದ್ಯರಲ್ಲ, ಸಂಗೀತದ ಮೇಷ್ಟ್ರು. 1854ರಲ್ಲಿ ಮ್ಯಾನುವೆಲ್ ಗಾರ್ಸಿಯಾ ಹಲ್ಲಿನ ವೈದ್ಯರ ಪುಟ್ಟ ಕನ್ನಡಿಯನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಕಿರುನಾಲಿಗೆಗೆ ಒತ್ತಿ ಹಿಡಿದರು. ಇನ್ನೊಂದು ಕನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಹಾಯಿಸಿದಾಗ ತಮ್ಮದೇ ಧ್ವನಿತಂತುಗಳು ಕೂಡುವುದೂ ಬಿಡುವುದೂ ಕಂಡವು.

1873ರ ಕೊನೆಗೆ ವಿಯೆನ್ನಾದಲ್ಲಿ ಶಸ್ತ್ರವೈದ್ಯ ಬಿಲ್‌ರೋತ್ ಕ್ಯಾನ್ಸರ್ ರೋಗಿಯೊಬ್ಬರ ಇಡೀ ಧ್ವನಿಪೆಟ್ಟಿಗೆಯನ್ನು ತೆಗೆದರು. ಆಮೇಲೆ ಗಾಯನಶಾಸ್ತ್ರ, ಶಸ್ತ್ರಚಿಕಿತ್ಸೆ ಎರಡೂ ಬಹುಕಾಲ ಬೇರೆ ಬೇರೆ ದಾರಿಯಲ್ಲೇ ನಡೆದವು. ತಂತುಗಳು ಕಂಪಿಸುವಂತೆ ಮಾಡುವುದು ಉಸಿರಿನ ಒತ್ತಡ, ಸ್ನಾಯುಗಳ ಕೆಲಸ ಅವುಗಳನ್ನು ಹದಗೊಳಿಸುವುದಷ್ಟೇ ಎಂದು 1958ರಲ್ಲಿ ಸಂಶೋಧಕ ವಾನ್ ಡೆನ್ ಬರ್ಗ್ ತೋರಿಸಿದರು. ಒಳಗಿನ ಸ್ನಾಯುವಿನ ಮೇಲೆ ಮೃದುವಾದ ಹೊದಿಕೆ ಅಲೆಯಾಡುತ್ತದೆ ಎಂಬ ಜಪಾನಿನ ಹಿರಾನೊ ಅವರ 1974ರ ವಿವರಣೆ, ಆ ಹೊದಿಕೆಯನ್ನು ಉಳಿಸಿಕೊಂಡು ಮಾಡುವ ಸೂಕ್ಷ್ಮ ಶಸ್ತ್ರಚಿಕಿತ್ಸೆಗೆ ಬುನಾದಿಯಾಯಿತು.

ನಿಜವಾದ ಅಚ್ಚರಿ ಬಂದದ್ದು ಸಾಂಪ್ರದಾಯಿಕ ಹಾಡುಗಾರರಿಂದ. ಧ್ವನಿತಂತುಗಳ ಮೇಲುಗಡೆ ಇನ್ನೊಂದು ಜೊತೆ ಮಡಿಕೆಗಳಿವೆ. ಅವಕ್ಕೆ ಹುಸಿತಂತುಗಳೆಂದು ಹೆಸರು. ನುಂಗುವಾಗ ಶ್ವಾಸನಾಳವನ್ನು ಕಾಯುವುದಷ್ಟೇ ಅವುಗಳ ಕೆಲಸ, ಮಾತಿನಲ್ಲಿ ತಲೆಹಾಕಿದರೆ ಅದು ದೋಷ ಎಂದೇ ನಂಬಿಕೆಯಿತ್ತು. ಆದರೆ ರಷ್ಯಾದ ತೂವಾ ಪ್ರಾಂತ್ಯದ ಕರ್ಗಿರಾ ಗಾಯನದಲ್ಲಿ ಅವೂ ಶ್ರುತಿಬದ್ಧವಾಗಿ ಕಂಪಿಸುತ್ತವೆ. ಕೆಳಗಿನ ತಂತುಗಳು ಎರಡು ಸಲ ಬಡಿದರೆ ಇವು ಒಂದು ಸಲ ಮುಚ್ಚುತ್ತವೆ. ಹಾಗಾಗಿ ಸ್ವರ ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿದು, ಎದೆ ನಡುಗಿಸುವ ಮಂದ್ರ ಹೊರಡುತ್ತದೆ. 1998ರಲ್ಲಿ ಸ್ವೀಡನ್ನಿನ ಸಂಶೋಧಕರು ಈ ಜೋಡಿ ಕಂಪನವನ್ನು ವಿವರಿಸಿದರು. ಅತಿವೇಗದ ಕ್ಯಾಮೆರಾಗಳು ಅದನ್ನು ಕಣ್ಣಿಗೂ ಕಾಣಿಸಿದವು. ತೂವಾದ ಕುರಿಗಾಹಿಗಳು ತಲೆಮಾರುಗಳಿಂದ ಸಾಧಿಸಿದ್ದನ್ನು ಪಠ್ಯಪುಸ್ತಕ ತಡವಾಗಿ ಒಪ್ಪಿಕೊಂಡಿತು ಎಂದೇ ನಾನು ಹೇಳುತ್ತೇನೆ.

ಶಸ್ತ್ರಚಿಕಿತ್ಸೆಯ ನಂತರವೂ ನೆರವಿಗೆ ಬರುವುದು ಇಂಥ ಬದಲಿ ಅಂಗಾಂಶಗಳೇ. ಧ್ವನಿತಂತುವನ್ನು ತೆಗೆದ ಕೆಲವರಲ್ಲಿ ಹುಸಿತಂತುಗಳೇ ಕೂಡಿಕೊಂಡು ಒರಟಾದರೂ ಕೇಳಿಸುವಂಥ ದನಿ ಕೊಡುತ್ತವೆ. ಧ್ವನಿಪೆಟ್ಟಿಗೆಯೇ ಹೋದರೆ ಅನ್ನನಾಳದ ಮೇಲ್ಭಾಗ ಕಂಪಿಸಬೇಕು. ಶ್ವಾಸನಾಳದಿಂದ ಅಲ್ಲಿಗೆ ಗಾಳಿ ದಾಟಿಸುವ ಪುಟ್ಟ ಕವಾಟವನ್ನು 1980ರಲ್ಲಿ ಬ್ಲಾಮ್ ಮತ್ತು ಸಿಂಗರ್ ಬಳಕೆಗೆ ತಂದರು. ಇಂಥ ಕವಾಟದ ಬೆಲೆ ಬಡವರ ಕೈಗೆ ಎಟುಕದ್ದನ್ನು ಕಂಡು ಬೆಂಗಳೂರಿನ ಕ್ಯಾನ್ಸರ್ ತಜ್ಞ ಡಾ. ವಿಶಾಲ್ ರಾವ್ ಸುಮಾರು 50 ರೂಪಾಯಿಯ ‘ಓಂ’ ಕವಾಟ ರೂಪಿಸಿದರು. ಇದು ನಮ್ಮ ನಾಡು ಹೆಮ್ಮೆಪಡಬೇಕಾದ ಕೆಲಸ.

ಹೀಗೆ ಮಾತು ಮರಳಿದರೂ ಹಾಡು ಸುಲಭವಲ್ಲ, ಏಕೆಂದರೆ ತಂತುವನ್ನು ಎಳೆದು ಶ್ರುತಿ ಏರಿಸುವ ಏರ್ಪಾಡು ಅಲ್ಲಿಲ್ಲ. ಅಷ್ಟಿದ್ದೂ ಧ್ವನಿಪೆಟ್ಟಿಗೆ ಕಳೆದುಕೊಂಡವರ ವೃಂದವೊಂದು ಲಂಡನ್ನಿನಲ್ಲಿ ವೇದಿಕೆಯ ಮೇಲೆ ಹಾಡಿದೆ. ನಮ್ಮ ಪುನಶ್ಚೇತನ ಕೇಂದ್ರಗಳಲ್ಲೂ ಮಾತಿನ ಅಭ್ಯಾಸದ ಜೊತೆಗೆ ಹಾಡಿನ ಪಾಠ ಇರಬೇಕು.

ಓದುಗರಲ್ಲಿ ಒಂದು ಮಾತು: ಕ್ಯಾನ್ಸರ್ ಬೇಗ ಸಿಕ್ಕಷ್ಟೂ ಉಳಿಯುವ ಧ್ವನಿ ಹೆಚ್ಚು. ಗಂಟಲು ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ ಕಷಾಯ ಕುಡಿಯುತ್ತಾ ಕೂರಬೇಡಿ, ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.