ಕಂಪನಿ ಮುಚ್ಚಿತು, ನಾಟಕ ನಿಲ್ಲಲಿಲ್ಲ

ಇಂಗ್ಲೆಂಡಿನ ಯಾವುದಾದರೊಂದು ಸಣ್ಣ ಊರಿನಲ್ಲಿ, ಚಳಿಗಾಲದ ಸಂಜೆ, ಚರ್ಚಿನ ಪಕ್ಕದ ಸಭಾಂಗಣದ ಬಾಗಿಲು ತೆರೆದು ನೋಡಿದರೆ ಇಂಥ ದೃಶ್ಯ ಕಂಡೀತು. ಶಾಲೆಯ ಮೇಷ್ಟರು, ಬ್ಯಾಂಕಿನ ಗುಮಾಸ್ತೆ, ಆಸ್ಪತ್ರೆಯ ನರ್ಸು, ನಿವೃತ್ತ ಅಂಚೆ ನೌಕರ ಹೀಗೆ ಮೂವತ್ತು ನಲವತ್ತು ಮಂದಿ ಪಿಯಾನೋ ಸುತ್ತ ನಿಂತು ಹಾಡು ಕಲಿಯುತ್ತಿರುತ್ತಾರೆ. ಹಾಡಿನಲ್ಲಿ ಅವರು ಯುದ್ಧನೌಕೆಯ ನಾವಿಕರು, ಇಲ್ಲವೇ ಕಡಲ್ಗಳ್ಳರು. ಇವರಿಗೆ ಸಂಬಳವಿಲ್ಲ, ಸಂಘದ ಚಂದಾವನ್ನು ಅವರೇ ಕಟ್ಟಬೇಕು. ವೇಷಭೂಷಣವನ್ನು ಬಾಡಿಗೆಗೆ ತರಬೇಕು, ನೆರೆಹೊರೆಯವರಿಗೆ ಟಿಕೆಟ್ ಮಾರಬೇಕು. ತಿಂಗಳುಗಟ್ಟಲೆ ತಾಲೀಮು ನಡೆಸಿದ ಮೇಲೆ ನಾಲ್ಕೈದು ದಿನ ಪ್ರದರ್ಶನ. ಅವರು ಆಡುತ್ತಿರುವುದು ನೂರು ವರ್ಷಕ್ಕೂ ಹಿಂದೆ ಗಿಲ್ಬರ್ಟ್ ಮತ್ತು ಸಲಿವನ್ ಜೋಡಿ ರಚಿಸಿದ ಹಾಸ್ಯ ಒಪೆರಾ.

ಒಪೆರಾ ಎಂದರೆ ಪೂರ್ತಿ ಹಾಡಿನಲ್ಲೇ ನಡೆಯುವ ಗಂಭೀರ ಗೇಯನಾಟಕ ಎಂಬ ಕಲ್ಪನೆ ನಮ್ಮಲ್ಲಿದೆ. ಹಾಸ್ಯ ಒಪೆರಾದ ರೀತಿ ಬೇರೆ. ನಡುನಡುವೆ ಮಾತು, ಚುರುಕಾದ ಪದ್ಯ, ಒಮ್ಮೆ ಕೇಳಿದರೆ ನಾಲಿಗೆಯಲ್ಲಿ ನಿಲ್ಲುವ ಮಟ್ಟು. ಡಬ್ಲ್ಯು. ಎಸ್. ಗಿಲ್ಬರ್ಟ್ (1836-1911) ಮಾತು ಮತ್ತು ಪದ್ಯ ಬರೆದರು. ಆರ್ಥರ್ ಸಲಿವನ್ (1842-1900) ಸಂಗೀತ ಕೊಟ್ಟರು. 1871ರಿಂದ 1896ರವರೆಗೆ ಇಬ್ಬರೂ ಸೇರಿ 14 ಕೃತಿಗಳನ್ನು ರಚಿಸಿದರು. ಇವುಗಳ ಬೆನ್ನಿಗೆ ನಿಂತವರು ರಿಚರ್ಡ್ ಡಾಯ್ಲಿ ಕಾರ್ಟ್ ಎಂಬ ಚತುರ ನಿರ್ಮಾಪಕ. ಈ ನಾಟಕಗಳಿಗಾಗಿಯೇ ಅವರು 1881ರಲ್ಲಿ ಲಂಡನ್ನಿನಲ್ಲಿ, ವಿದ್ಯುದ್ದೀಪಗಳಿಂದ ಬೆಳಗುವ ಸವಾಯ್ ರಂಗಮಂದಿರ ಕಟ್ಟಿಸಿದರು. 1885ರಲ್ಲಿ ತೆರೆಕಂಡ ‘ದಿ ಮಿಕಾಡೊ’ ಅಲ್ಲಿ ಮೊದಲ ಸುತ್ತಿನಲ್ಲೇ 672 ಪ್ರದರ್ಶನ ಕಂಡಿತು.

ಇದು ವೃತ್ತಿ ರಂಗಭೂಮಿಯ ಕತೆ. ಹವ್ಯಾಸಿಗಳ ಕತೆಯೂ ಹೆಚ್ಚುಕಡಿಮೆ ಜೊತೆಯಲ್ಲೇ ಶುರುವಾಯಿತು. ‘ಎಚ್.ಎಂ.ಎಸ್. ಪಿನಾಫೋರ್’ ಲಂಡನ್ನಿನಲ್ಲಿ ಮೊದಲು ರಂಗವೇರಿದ್ದು 1878ರ ಮೇ ತಿಂಗಳಲ್ಲಿ. ವರ್ಷ ತುಂಬುವ ಮೊದಲೇ, 1879ರ ಏಪ್ರಿಲ್‌ನಲ್ಲಿ, ಥೇಮ್ಸ್ ದಂಡೆಯ ಕಿಂಗ್‌ಸ್ಟನ್‌ನ ಹವ್ಯಾಸಿ ಗಾಯಕರ ಸಂಘವೊಂದು ಅದನ್ನು ಆಡಿತ್ತು. ಅಮೆರಿಕದಲ್ಲಂತೂ ಯಾರ ಅಪ್ಪಣೆಯನ್ನೂ ಕೇಳದೆ ಹತ್ತಾರು ತಂಡಗಳು ಅದನ್ನೇ ಆಡುತ್ತಿದ್ದವು. ಚರ್ಚಿನ ಗಾಯಕರೇ ಸೇರಿ ಕಟ್ಟಿದ ತಂಡಗಳೂ ಅವುಗಳಲ್ಲಿದ್ದವು. ಬ್ರಿಟನ್ನಿನ ಲೇಖಕರ ಗ್ರಂಥಸ್ವಾಮ್ಯಕ್ಕೆ ಅಮೆರಿಕದಲ್ಲಿ ಆಗ ಬೆಲೆಯಿರಲಿಲ್ಲ. ಆದ್ದರಿಂದಲೇ ಮುಂದಿನ ನಾಟಕ ‘ದಿ ಪೈರೇಟ್ಸ್ ಆಫ್ ಪೆನ್‌ಜಾನ್ಸ್’ ಅನ್ನು ಗಿಲ್ಬರ್ಟ್, ಸಲಿವನ್ ತಾವೇ ನ್ಯೂಯಾರ್ಕಿಗೆ ಹೋಗಿ 1879ರ ಡಿಸೆಂಬರ್ 31ರಂದು ಆಡಿಸಿದರು. ನಾಟಕ ಕದ್ದವರ ನಾಡಿನಲ್ಲಿ ಕಡಲ್ಗಳ್ಳರ ನಾಟಕ!

ಹವ್ಯಾಸಿಗಳಿಗೆ ಈ ಕೃತಿಗಳು ಇಷ್ಟು ಹಿಡಿಸಲು ಕಾರಣವೇನು? ಉತ್ತರ ನಾಟಕದ ಕಟ್ಟಡದಲ್ಲೇ ಇದೆ. ಗಿಲ್ಬರ್ಟ್ ಮೇಳದವರನ್ನು ಸುಮ್ಮನೆ ಸಾಲಾಗಿ ನಿಲ್ಲಿಸಲಿಲ್ಲ, ಅವರಿಗೂ ಪಾತ್ರ ಕೊಟ್ಟರು. ‘ಪಿನಾಫೋರ್’ನಲ್ಲಿ ನೌಕಾಖಾತೆಯ ಮಂತ್ರಿಯ ಹಿಂದೆ ಅಕ್ಕತಂಗಿಯರು, ಸೋದರಸಂಬಂಧಿಗಳು, ಅತ್ತೆ ಚಿಕ್ಕಮ್ಮಂದಿರ ದಂಡೇ ಹಡಗು ಹತ್ತುತ್ತದೆ. ‘ಪೈರೇಟ್ಸ್’ನಲ್ಲಿ ಪುಕ್ಕಲು ಪೊಲೀಸರ ಪಡೆಯಿದೆ. ‘ಅಯೊಲಾಂಥಿ’ಯಲ್ಲಿ ಒಂದು ಕಡೆ ಯಕ್ಷಿಣಿಯರು, ಇನ್ನೊಂದು ಕಡೆ ಸಂಸತ್ತಿನ ಮೇಲ್ಮನೆಯ ಪ್ರಭುಗಳು. ಸಾಧಾರಣ ಕಂಠದ ನಲವತ್ತು ಜನಕ್ಕೂ ರಂಗದ ಮೇಲೆ ಕೆಲಸವುಂಟು. ಮುಖ್ಯ ಹಾಸ್ಯಪಾತ್ರಕ್ಕೆ ಕೂಡ ಶಾಸ್ತ್ರೀಯ ಕಂಠಕ್ಕಿಂತ, ವೇಗವಾಗಿ ಓಡುವ ಪದಗಳನ್ನು ಸ್ಪಷ್ಟವಾಗಿ ನುಡಿಯುವ ನಾಲಿಗೆ ಮುಖ್ಯ. ಈ ಪಾತ್ರಗಳನ್ನು ಮೊದಲು ಆಡಿದ ಜಾರ್ಜ್ ಗ್ರಾಸ್‌ಸ್ಮಿತ್ ಒಪೆರಾ ಗಾಯಕರಲ್ಲ. ಪಿಯಾನೋ ಮುಂದೆ ಕೂತು ಜನರನ್ನು ನಗಿಸುತ್ತಿದ್ದವರು.

ಕಾರ್ಟ್ ಹವ್ಯಾಸಿಗಳನ್ನು ತಡೆಯಲು ಹೋಗಲಿಲ್ಲ. ಪರವಾನಗಿ ಕೊಟ್ಟು ಶುಲ್ಕ ಪಡೆದರು. ವಾದ್ಯದವರ ಸ್ವರಪ್ರತಿಗಳನ್ನು ಬಾಡಿಗೆಗೆ ಕೊಟ್ಟರು. ಊರೂರಲ್ಲಿ ಸಂಘಗಳು ಹುಟ್ಟಿಕೊಂಡವು. 1899ರಲ್ಲಿ ಬ್ರಿಟನ್ನಿನ ಹವ್ಯಾಸಿ ಒಪೆರಾ ಮತ್ತು ನಾಟಕ ಸಂಘಗಳ ಒಕ್ಕೂಟವೂ ಸ್ಥಾಪನೆಯಾಯಿತು. ಆದರೆ ಪರವಾನಗಿಗೆ ಒಂದು ಕಟ್ಟು ಇತ್ತು: ಕಂಪನಿಯ ಪ್ರಯೋಗವನ್ನೇ ಅನುಸರಿಸಿ ಆಡಬೇಕು. ಇದರಿಂದ ಸಣ್ಣ ಊರಿನ ತಂಡಕ್ಕೂ ಪಳಗಿದವರ ದಾರಿ ಸಿಕ್ಕಿತು ನಿಜ. ಆದರೆ ಹೊಸದಾಗಿ ಏನನ್ನಾದರೂ ಮಾಡಿ ನೋಡುವ ಸ್ವಾತಂತ್ರ್ಯ ಇಲ್ಲವಾಯಿತು.

ಈ ಕಟ್ಟು ಸಡಿಲಿದ್ದು ಗಿಲ್ಬರ್ಟ್ ತೀರಿಕೊಂಡು 50 ವರ್ಷವಾದ ಮೇಲೆ, 1961ರ ಕೊನೆಗೆ, ಗ್ರಂಥಸ್ವಾಮ್ಯದ ಅವಧಿ ಮುಗಿದಾಗ. ಆ ಬಳಿಕ ಯಾರು ಬೇಕಾದರೂ ಹೇಗೆ ಬೇಕಾದರೂ ಆಡಬಹುದಾಯಿತು. ಸುಮಾರು ನೂರು ವರ್ಷ ದುಡಿದ ಡಾಯ್ಲಿ ಕಾರ್ಟ್ ಕಂಪನಿ ಖರ್ಚು ತಾಳಲಾರದೆ, ಸರ್ಕಾರಿ ಅನುದಾನವೂ ಸಿಗದೆ, 1982ರ ಫೆಬ್ರುವರಿ 27ರಂದು ಕೊನೆಯ ಆಟವಾಡಿ ಪರದೆ ಎಳೆಯಿತು. 1988ರಲ್ಲಿ ಅದೇ ಹೆಸರಿನಲ್ಲಿ ಮತ್ತೆ ಆರಂಭವಾದ ಕಂಪನಿಯೂ 2003ರ ಹೊತ್ತಿಗೆ ಆಟ ನಿಲ್ಲಿಸಿತು. ಚರ್ಚಿನ ಸಭಾಂಗಣಗಳ ತಾಲೀಮು ಮಾತ್ರ ನಿಲ್ಲಲಿಲ್ಲ. 1994ರಲ್ಲಿ ಬಕ್ಸ್‌ಟನ್ ಪಟ್ಟಣದಲ್ಲಿ ಆರಂಭವಾದ ಅಂತರರಾಷ್ಟ್ರೀಯ ಉತ್ಸವಕ್ಕೆ ಹವ್ಯಾಸಿ ತಂಡಗಳೇ ಜೀವಾಳವಾದವು.

ಹಾಗೆಂದು ಇವರ ಹಾದಿ ಸುಗಮವಾಗಿಲ್ಲ. ‘ಮಿಕಾಡೊ’ವನ್ನೇ ನೋಡಿ. ಹೆಸರಿಗೆ ಜಪಾನಿನ ಕತೆಯಾದರೂ ಗೇಲಿಗೊಳಗಾಗುವುದು ಇಂಗ್ಲೆಂಡಿನ ಅಧಿಕಾರಿಗಳು. ಆದರೆ ಬಿಳಿಯರು ಮುಖಕ್ಕೆ ಬಣ್ಣ ಬಳಿದುಕೊಂಡು ಜಪಾನೀಯರಾಗಿ ನಗಿಸುವುದು ಏಷ್ಯಾ ಮೂಲದವರಿಗೆ ಅವಮಾನವೆನಿಸುತ್ತದೆ. 2015ರಲ್ಲಿ ನ್ಯೂಯಾರ್ಕಿನ ಒಂದು ವೃತ್ತಿ ತಂಡ ಪ್ರತಿಭಟನೆಯ ನಂತರ ತನ್ನ ‘ಮಿಕಾಡೊ’ ಪ್ರಯೋಗವನ್ನು ಕೈಬಿಟ್ಟು, ಮುಂದಿನ ವರ್ಷದ ಕೊನೆಗೆ ಬೇರೆ ರೂಪದಲ್ಲಿ ರಂಗಕ್ಕೆ ತಂದಿತು. ಜೊನಾಥನ್ ಮಿಲ್ಲರ್ 1986ರಷ್ಟು ಹಿಂದೆಯೇ ಕತೆಯನ್ನು ಇಂಗ್ಲೆಂಡಿನ ಕಡಲತೀರದ ಹೋಟೆಲಿಗೆ ಸಾಗಿಸಿ, ಜಪಾನಿ ವೇಷವಿಲ್ಲದೆಯೂ ಅದು ನಗಿಸಬಲ್ಲದೆಂದು ತೋರಿಸಿದ್ದರು. ಸಣ್ಣ ಊರಿನ ಸಂಘವೂ ಇಂದು ಇದೇ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿದೆ.

ಬದಲಾವಣೆ ಈ ಪರಂಪರೆಗೆ ಹೊಸದೇನಲ್ಲ. ‘ಮಿಕಾಡೊ’ದಲ್ಲಿ, ಸತ್ತರೂ ಯಾರೂ ಅಳದ ಜನರ ಪಟ್ಟಿಯನ್ನು ಮರಣದಂಡನಾಧಿಕಾರಿ ಹಾಡುವ ಸಂದರ್ಭವಿದೆ. ಆ ಪಟ್ಟಿಗೆ ಹೊಸ ಸಾಲು ಕಟ್ಟಿ ಸೇರಿಸುವುದು ರೂಢಿಯಾಗಿಬಿಟ್ಟಿದೆ: ಹೊಂಡಬಿದ್ದ ರಸ್ತೆ, ನಗರಸಭೆಯ ತೆರಿಗೆ, ಸಭೆಯ ಮಧ್ಯೆ ಗುಣುಗುಣಿಸುವ ಫೋನು, ಏನು ಬೇಕಾದರೂ ಬರಬಹುದು. ತಮ್ಮೂರಿನ ವಿಷಯ ಬಂದಾಗ ಜನ ಹೆಚ್ಚು ನಗುತ್ತಾರೆ. ಆಡುವವನು ನಾಳೆ ಬೆಳಿಗ್ಗೆ ಅದೇ ರಸ್ತೆಯಲ್ಲಿ ಕೆಲಸಕ್ಕೆ ಹೋಗುವವನೆಂದು ನೋಡುವವರಿಗೂ ಗೊತ್ತು.

ಕೊನೆಯ ಪ್ರದರ್ಶನದ ಮರುದಿನ ಬಾಡಿಗೆ ವೇಷಗಳು ಪೆಟ್ಟಿಗೆ ಸೇರಿ ವಾಪಸು ಹೋಗುತ್ತವೆ. ಕೆಲವು ವಾರಗಳಲ್ಲಿ ಸಂಘದ ಸಮಿತಿ ಲೆಕ್ಕಪತ್ರ ಹರಡಿಕೊಂಡು ಕೂರುತ್ತದೆ. ಎಷ್ಟು ಟಿಕೆಟ್ ಹೋಯಿತು, ಸಭಾಂಗಣದ ಬಾಡಿಗೆ ಎಷ್ಟಾಯಿತು, ಎತ್ತರದ ಸ್ವರಕ್ಕೆ ಹಾಡುವ ಗಂಡಸರು ಮುಂದಿನ ಸಲ ಎಲ್ಲಿ ಸಿಕ್ಕಾರು? ಇಷ್ಟೆಲ್ಲ ಚರ್ಚೆಯಾದ ಮೇಲೆ ಯಾರೋ ಒಬ್ಬರು ಕೇಳುತ್ತಾರೆ: ಬರುವ ವರ್ಷ ಯಾವುದನ್ನು ಆಡೋಣ?