ಪೌಷ್ಟಿಕತೆಯ ಪಾಠ ಹೇಳೋರಿಗೆ ಪಾಠ ಹೇಳಿದ್ದು ಯಾರು? ಕೂನೂರಿನಿಂದ ಟಿ. ನರಸೀಪುರದವರೆಗೆ

ಈ ವಾರದ ಕಥೆ ಇಲಿಗಳಿಂದ ಶುರುವಾಗುತ್ತೆ.

ನೀಲಗಿರಿಯ ಕೂನೂರಿನಲ್ಲಿ ಪ್ಯಾಶ್ಚರ್ ಇನ್‌ಸ್ಟಿಟ್ಯೂಟ್ ಇದೆ. 1918ರಲ್ಲಿ ಅಲ್ಲಿನ ಒಂದೇ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಅನ್ನೋ ವೈದ್ಯರು ಬೆರಿಬೆರಿ ಕಾಯಿಲೆ ಬಗ್ಗೆ ಸಂಶೋಧನೆ ಶುರು ಮಾಡಿದರು. ಪಾಲಿಶ್ ಮಾಡಿದ ಬಿಳಿ ಅಕ್ಕಿಯನ್ನೇ ನಂಬಿಕೊಂಡು ಬದುಕೋರಿಗೆ ಬರುತ್ತಿದ್ದ ಕಾಯಿಲೆ ಅದು. ಕಾಲು ಜೋಮು ಹಿಡಿಯುತ್ತೆ, ಕೆಲವರಿಗೆ ಹೃದಯವೇ ಸೋಲುತ್ತೆ. ಮುಂದೆ ಅದೇ ಕೂನೂರಿನಲ್ಲಿ ಅವರು ಮಾಡಿದ ಇನ್ನೊಂದು ಪ್ರಯೋಗ ಬಹಳ ಹೆಸರು ಮಾಡಿತು. ಇಲಿಗಳನ್ನು ಗುಂಪು ಗುಂಪು ಮಾಡಿ ಒಂದು ಗುಂಪಿಗೆ ಸಿಖ್ಖರ ಊಟ, ಇನ್ನೊಂದಕ್ಕೆ ಪಠಾಣರದ್ದು, ಮತ್ತೊಂದಕ್ಕೆ ಮರಾಠರದ್ದು, ಬಂಗಾಳಿಗಳದ್ದು, ಮದ್ರಾಸಿಗಳದ್ದು. ಹೌದು, ಕನ್ನಡಿಗರ ಊಟ ಅಂತಲೂ ಒಂದು ಗುಂಪಿತ್ತು. ಕೊನೆಗೆ ತೂಕ ಹಾಕಿ ನೋಡಿದರೆ ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿ ತಿಂದ ಸಿಖ್ ಇಲಿಗಳು ಮೊದಲ ಸ್ಥಾನದಲ್ಲಿ. ತೊಳೆದು ತೊಳೆದು ಸಾರ ಹೋದ ಅಕ್ಕಿ ತಿಂದ ಮದ್ರಾಸಿ ಇಲಿಗಳು ಕೊನೆಯಲ್ಲಿ. ನಮ್ಮವು ಪಟ್ಟಿಯ ಕೆಳಭಾಗದಲ್ಲೇ ಇದ್ದವು.

ಕನ್ನಡಿಗರ ಊಟ ಅಂದ್ರೆ ಯಾವುದು ಸ್ವಾಮಿ? ಮಂಡ್ಯದ ಮುದ್ದೆಯಾ, ಧಾರವಾಡದ ಜೋಳದ ರೊಟ್ಟಿಯಾ, ಕರಾವಳಿಯ ಕುಚ್ಚಲಕ್ಕಿ ಗಂಜಿಯಾ? ಒಂದೇ ಬೋನಿಗೆ ಇಷ್ಟೂ ಜನರನ್ನ ಹಾಕೋಕಾಗಲ್ಲ. ಆದರೂ ಈ ಪ್ರಯೋಗ ಒಂದು ದೊಡ್ಡ ವಿಷಯ ಹೇಳಿತು: ಹೊಟ್ಟೆ ತುಂಬುವುದು ಬೇರೆ, ಪೋಷಣೆ ಸಿಗುವುದು ಬೇರೆ. ಅಲ್ಲಿಂದ ಮುಂದಿನ ಪ್ರಶ್ನೆ ತಾನಾಗಿಯೇ ಹುಟ್ಟಿಕೊಳ್ತು. ಇದನ್ನ ಜನರಿಗೆ ಹೇಳೋರು ಯಾರು? ಆ ಹೇಳೋರಿಗೆ ಹೇಳಿಕೊಡೋರು ಯಾರು? ಇವತ್ತಿನ ಸಂಚಿಕೆ ಈ ಎರಡನೇ ಪ್ರಶ್ನೆಯ ಇತಿಹಾಸ.

1935ರಲ್ಲಿ ಕೂನೂರಿನ ಪ್ರಯೋಗಾಲಯಕ್ಕೆ ಡಬ್ಲ್ಯು.ಆರ್. ಏಕ್ರಾಯ್ಡ್ ನಿರ್ದೇಶಕರಾಗಿ ಬಂದರು. ಅದಕ್ಕೆ ಮುಂಚೆ ರಾಷ್ಟ್ರಸಂಘದ ಆರೋಗ್ಯ ವಿಭಾಗದಲ್ಲಿ ಇದ್ದವರು. ಇವರ ಕಾಲದಲ್ಲಿ, 1937ರಲ್ಲಿ, ಒಂದು ಸರ್ಕಾರಿ ಪುಸ್ತಿಕೆ ಹೊರಬಂತು. ಹೆಲ್ತ್ ಬುಲೆಟಿನ್ ನಂಬರ್ 23. ಹೆಸರು ಕೇಳಿದರೆ ನಿದ್ದೆ ಬರುತ್ತೆ, ಒಳಗಿರೋದು ಮಾತ್ರ ಬಂಗಾರ. ನಮ್ಮ ಅಕ್ಕಿ, ರಾಗಿ, ಬೇಳೆ, ಸೊಪ್ಪು, ಹಣ್ಣು, ಮೀನು ಒಂದೊಂದರಲ್ಲೂ ಏನೇನು ಎಷ್ಟೆಷ್ಟಿದೆ ಅನ್ನುವ ಪಟ್ಟಿ. ಇದು ಮತ್ತೆ ಮತ್ತೆ ಪರಿಷ್ಕಾರವಾಗಿ, 1971ರಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರ ದೊಡ್ಡ ಪುಸ್ತಕವಾಗಿ ಬಂತು. 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಕ್ಯಾಲ್ಸಿಯಂ, ಪಾಲಿಶ್ ಅಕ್ಕಿಯಲ್ಲಿ ಬರೀ 10 ಅಂತ ಯಾರಾದರೂ ನಿಮಗೆ ವಾಟ್ಸಾಪಿನಲ್ಲಿ ಕಳಿಸಿದ್ದರೆ, ಅದರ ಮೂಲ ಆ ಪುಸ್ತಕ.

ನಾನು ಓದಿದ್ದು ಬಿಕಾಂ. ಹಾಗಾಗಿ ಏನೇ ಓದಿದರೂ ಕಣ್ಣು ಮೊದಲು ಹೋಗೋದು ಖರ್ಚಿನ ಕಾಲಂಗೆ. ಏಕ್ರಾಯ್ಡ್ ಪುಸ್ತಿಕೆಯಲ್ಲಿ ನನಗೆ ಇಷ್ಟವಾದದ್ದು ಅದೇ. ಬಡವರು ದಿನಾ ತಿನ್ನೋ ಊಟಕ್ಕೆ ಎಷ್ಟಾಗುತ್ತೆ, ಸಮತೋಲನ ಊಟಕ್ಕೆ ಎಷ್ಟಾಗುತ್ತೆ ಅಂತ ಲೆಕ್ಕ ಹಾಕಿ, ಎರಡನೆಯದು ಬಹಳಷ್ಟು ಜನರ ಕೈಗೆ ಎಟುಕದು ಅನ್ನೋದನ್ನ ಪುಸ್ತಿಕೆಯೇ ಒಪ್ಪಿಕೊಳ್ಳುತ್ತೆ. ಅಂದ್ರೆ ಜನರಿಗೆ ಗೊತ್ತಿಲ್ಲದ್ದು ಒಂದೇ ಸಮಸ್ಯೆ ಅಲ್ಲ, ಕಾಸಿಲ್ಲದ್ದೂ ಸಮಸ್ಯೆ ಅಂತ ಈ ವಿಷಯದ ಮೊದಲ ಮೇಷ್ಟ್ರುಗಳಿಗೆ ಗೊತ್ತಿತ್ತು. 1943ರ ಬಂಗಾಳದ ಕ್ಷಾಮದ ಮೇಲೆ ಕೂತ ವಿಚಾರಣಾ ಆಯೋಗದಲ್ಲೂ ಏಕ್ರಾಯ್ಡ್ ಸದಸ್ಯರಾಗಿದ್ದರು. ಆಮೇಲೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪೌಷ್ಟಿಕತೆ ವಿಭಾಗದ ಮೊದಲ ನಿರ್ದೇಶಕರಾದರು.

ಕೂನೂರಿನಲ್ಲಿ ತರಬೇತಿಯೂ ನಡೀತಿತ್ತು. ವೈದ್ಯರು, ಆರೋಗ್ಯಾಧಿಕಾರಿಗಳು ಬಂದು ಕಲಿತು ಹೋಗ್ತಿದ್ದರು. ಒಳ್ಳೆಯದೇ. ಆದರೆ ಅಕ್ಕಿ ತೊಳೆದ ನೀರು ಚೆಲ್ಲಬೇಕೋ ಬೇಡವೋ, ಗಂಜಿ ಬಸಿಯಬೇಕೋ ಬೇಡವೋ ಅಂತ ತೀರ್ಮಾನ ಮಾಡೋದು ಡಾಕ್ಟರ್ ಅಲ್ಲ, ಒಲೆ ಮುಂದೆ ಕೂತ ಹೆಂಗಸು. ಅವಳ ಹತ್ತಿರ ಹೋಗಿ ಕೂತು ಮಾತಾಡೋ ಮನುಷ್ಯರನ್ನ ತಯಾರು ಮಾಡೋ ಕೆಲಸ ಸ್ವಾತಂತ್ರ್ಯದವರೆಗೂ ಸರಿಯಾಗಿ ಶುರುವೇ ಆಗಿರಲಿಲ್ಲ.

1952ರ ಅಕ್ಟೋಬರ್ 2ಕ್ಕೆ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಬಂತು. ಅದರ ಜೊತೆ ಗ್ರಾಮಸೇವಿಕೆಯರು ಬಂದರು. ದೆಹಲಿಯ ಲೇಡಿ ಇರ್ವಿನ್ ಕಾಲೇಜು 1932ರಿಂದಲೇ ಗೃಹವಿಜ್ಞಾನ ಕಲಿಸ್ತಿತ್ತು. ಕೊಯಮತ್ತೂರಿನಲ್ಲಿ ರಾಜಮ್ಮಾಳ್ ದೇವದಾಸ್ ಇದೇ ವಿಷಯಕ್ಕೆ ಜೀವಮಾನವಿಡೀ ದುಡಿದರು. ಗೃಹವಿಜ್ಞಾನ ಅಂದ್ರೆ ಮದುವೆಗೆ ಮುಂಚಿನ ಅಡುಗೆ ಕ್ಲಾಸು ಅಂತ ಕಾಲೇಜಿನಲ್ಲಿ ನಾವೆಲ್ಲ ನಗಾಡಿದ್ದೇವೆ. ನಿಜ ನೋಡಿದರೆ ಹಳ್ಳಿಗೆ ಹೋಗಿ ಪೌಷ್ಟಿಕತೆಯ ಪಾಠ ಹೇಳೋರಿಗೆ ಗುರುಗಳಾದವರು ಈ ಕಾಲೇಜುಗಳಿಂದಲೇ ಬಂದರು.

1960ರ ದಶಕದಲ್ಲಿ ಯುನಿಸೆಫ್ ಮತ್ತಿತರ ಸಂಸ್ಥೆಗಳ ನೆರವಿನಿಂದ ಅನ್ವಯಿಕ ಪೌಷ್ಟಿಕತೆ ಕಾರ್ಯಕ್ರಮ ಬಂತು. ಮಹಿಳಾ ಮಂಡಲ ಕಟ್ಟೋದು, ಕೋಳಿ ಕೊಡೋದು, ಕೈತೋಟಕ್ಕೆ ಬೀಜ ಕೊಡೋದು, ಕೆರೆಗೆ ಮೀನು ಮರಿ ಬಿಡೋದು. ಆಲೋಚನೆ ಚೆನ್ನಾಗಿತ್ತು: ಊರೇ ಬೆಳೀಲಿ, ಊರೇ ತಿನ್ನಲಿ. ಆದರೆ ಎಷ್ಟೋ ಕಡೆ ಮೊಟ್ಟೆ ಮಕ್ಕಳ ತಟ್ಟೆಗೆ ಬರದೆ ಸಂತೆಗೆ ಹೋಯಿತು. ಇದನ್ನು ಕಾರ್ಯಕ್ರಮದ ಸೋಲು ಅಂತ ಬರೆಯುತ್ತಾರೆ. ನನಗೆ ಅದು ಸರಿಯಾದ ಲೆಕ್ಕಾಚಾರವಾಗಿ ಕಾಣುತ್ತೆ. ಒಂದು ಮೊಟ್ಟೆ ಮಾರಿದ ದುಡ್ಡಿಗೆ ಮನೆಯವರೆಲ್ಲರ ಹಿಟ್ಟಿಗೆ ಒಂದಿಷ್ಟು ಆಗುತ್ತೆ ಅಂದ್ರೆ ಯಾವ ತಾಯಿ ತಾನೇ ಮಾರಲ್ಲ? ಏಕ್ರಾಯ್ಡ್ ಅವರ ಖರ್ಚಿನ ಕಾಲಂ ಇಲ್ಲಿ ಯಾರೂ ತೆರೆದು ನೋಡಿರಲಿಲ್ಲ.

ಈಗ ಸ್ವಲ್ಪ ನಿಧಾನವಾಗಿ ಕೇಳಿ, ಯಾಕಂದ್ರೆ ಇದೇ ಹೊತ್ತಿಗೆ ವಿಜ್ಞಾನ ತನ್ನ ಪಾಠವನ್ನೇ ಬದಲಾಯಿಸಿಕೊಳ್ತು.

ಐವತ್ತು ಅರವತ್ತರ ದಶಕದಲ್ಲಿ ಇಡೀ ಜಗತ್ತಿಗೆ ಪ್ರೋಟೀನ್ ಚಿಂತೆ. ಬಡ ದೇಶಗಳ ಮಕ್ಕಳಿಗೆ ಪ್ರೋಟೀನ್ ಸಾಲದು, ಅದೇ ಮುಖ್ಯ ಕೊರತೆ ಅಂತ ವಿಶ್ವಸಂಸ್ಥೆಯೂ ನಂಬಿತ್ತು. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಶುರುವಾಯ್ತಲ್ಲ, ಅಲ್ಲಿನ ವಿಜ್ಞಾನಿಗಳು ಇದಕ್ಕೆ ಉತ್ತರವಾಗಿ ಇಂಡಿಯನ್ ಮಲ್ಟಿಪರ್ಪಸ್ ಫುಡ್ ಅನ್ನೋ ಪುಡಿ ಮಾಡಿದರು. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು, ಮೇಲೆ ವಿಟಮಿನ್ನು, ಕ್ಯಾಲ್ಸಿಯಂ. ಹಾಲು ಮೊಟ್ಟೆ ಕೊಳ್ಳಲಾಗದ ದೇಶದಲ್ಲಿ ಕಡಲೆಕಾಯಿ ಹಿಂಡಿಯಿಂದ ಪ್ರೋಟೀನ್ ತೆಗೆಯುವ ಜಾಣತನ ಅದು. ಅಂಥ ಕೆಲಸ ನಮ್ಮ ಮೈಸೂರಲ್ಲಿ ಆಯ್ತು ಅನ್ನೋದಕ್ಕೆ ನನಗೆ ಹೆಮ್ಮೆಯೂ ಇದೆ.

ಆದರೆ ಕೂನೂರಿನ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಗಿತ್ತು. 1969ರಲ್ಲಿ ಅದಕ್ಕೆ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ ಅಂತ ಹೆಸರಾಯ್ತು. ಅಲ್ಲಿ ಗೋಪಾಲನ್ ಮತ್ತು ಸಂಗಡಿಗರು ಮಕ್ಕಳ ಊಟವನ್ನೇ ಅಳೆದು ನೋಡಿದಾಗ ಬೇರೆ ಚಿತ್ರ ಸಿಕ್ಕಿತು. ಮಕ್ಕಳಿಗೆ ಮೊದಲು ಸಾಲದೇ ಬರ್ತಿರೋದು ಊಟದ ಪ್ರಮಾಣ, ಅಂದ್ರೆ ಕ್ಯಾಲೊರಿ. ಮನೆಯಲ್ಲಿ ಮಾಡೋ ಅನ್ನ ಬೇಳೆಯನ್ನೇ ಮಗು ಹೊಟ್ಟೆ ತುಂಬ ತಿಂದರೆ ಪ್ರೋಟೀನ್ ಕೂಡ ಬಹುಪಾಲು ಅದರಲ್ಲೇ ಬರುತ್ತೆ. ಪುಟ್ಟ ಹೊಟ್ಟೆ, ಒಂದೇ ಸಲಕ್ಕೆ ಹಿಡಿಯಲ್ಲ. ಹಾಗಾಗಿ ದಿನಕ್ಕೆ ಇನ್ನೊಂದೆರಡು ಸಲ ಕೊಡಿ, ಒಂದು ಚಮಚ ಎಣ್ಣೆಯೋ ತುಪ್ಪವೋ ಹಾಕಿ. ಪಾಠ ಎಷ್ಟು ಬದಲಾಯ್ತು ನೋಡಿ! ‘ನಿಮ್ಮ ಹತ್ತಿರ ಇಲ್ಲದ್ದನ್ನ ತನ್ನಿ’ ಅನ್ನೋ ಪಾಠ ಹೋಗಿ ‘ಇರೋದನ್ನೇ ಇನ್ನೊಂದು ಸಲ ಉಣಿಸಿ’ ಅನ್ನೋ ಪಾಠ ಬಂತು. ಬಡ ತಾಯಿಗೆ ಇವೆರಡೂ ಒಂದೇ ಅಲ್ಲವೇ ಅಲ್ಲ. ಮೊದಲನೆಯದು ಅವಳನ್ನ ತಲೆ ತಗ್ಗಿಸೋ ಹಾಗೆ ಮಾಡುತ್ತೆ. ಎರಡನೆಯದು ಅವಳ ಕೈಯಲ್ಲಿರೋ ಕೆಲಸ. ಅದಕ್ಕೂ ಅಡಿಗೆ ಮಾಡಿಟ್ಟು ಕೂಲಿಗೆ ಹೋದ ತಾಯಿಯ ಬದಲು ಉಣಿಸೋಕೆ ಮನೇಲಿ ಒಬ್ಬರು ಬೇಕು, ಅದೂ ನಿಜ.

ಹೈದರಾಬಾದಿನಲ್ಲಿ ಪ್ರಬಂಧ ಬದಲಾದ ದಿನವೇ ಹಳ್ಳಿಯ ಭಿತ್ತಿಚಿತ್ರ ಬದಲಾಗಲಿಲ್ಲ. ‘ಹಾಲು, ಮೊಟ್ಟೆ, ಹಣ್ಣು ಕೊಡಿ’ ಅಂತ ಒಮ್ಮೆ ಕಲಿತು ಹೋದವರು ಇಪ್ಪತ್ತು ವರ್ಷ ಅದನ್ನೇ ಹೇಳಬಹುದು. ತಪ್ಪು ಅವರದ್ದಲ್ಲ. ಅವರನ್ನ ವಾಪಸ್ ಕರೆದು ಕೂರಿಸಿ ಹೇಳೋ ಏರ್ಪಾಡು ಬೇಕು. ಮರುತರಬೇತಿ ಅನ್ನೋ ಒಣ ಪದದ ಒಳಗೆ ಇರೋದು ಈ ವಿಷಯ.

ಆ ಏರ್ಪಾಡಿನ ದೊಡ್ಡ ಪ್ರಯತ್ನ 1975ರ ಅಕ್ಟೋಬರ್ 2ರಂದು ಶುರುವಾಯ್ತು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಐಸಿಡಿಎಸ್. ದೇಶದಲ್ಲಿ 33 ಕಡೆ ಪ್ರಾಯೋಗಿಕವಾಗಿ. ಕರ್ನಾಟಕದಲ್ಲಿ ಆರಿಸಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರವನ್ನ, ಕಾವೇರಿ ಕಪಿಲೆ ಸೇರೋ ಜಾಗ. 100 ಅಂಗನವಾಡಿಗಳಿಂದ ಆರಂಭ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ.

ಇಲ್ಲಿ ಹೊಸದೇನು ಅಂದ್ರೆ ಪಾಠ ಹೇಳೋಳು ಅದೇ ಊರಿನವಳು. ಜೀಪಿನಲ್ಲಿ ಬಂದು ಭಾಷಣ ಮಾಡಿ ಹೋಗೋಳಲ್ಲ. ಯಾರ ಮನೇಲಿ ಅತ್ತೆ ಬಾಣಂತಿಗೆ ಸೊಪ್ಪು ಕೊಡಲ್ಲ, ಯಾವ ಮಗು ಬೇಧಿಯಾದಾಗ ನೀರು ಕೊಡೋದನ್ನೇ ನಿಲ್ಲಿಸಿದ್ದಾರೆ ಅಂತ ಅವಳಿಗೆ ಗೊತ್ತು. ‘ಅಕ್ಕಾ, ಬಾಣಂತಿಗೆ ಒಂದು ತುತ್ತು ಸೊಪ್ಪಿನ ಸಾರು ಹಾಕಿ ನೋಡಿ’ ಅಂತ ಅವಳು ಹೇಳಿದರೆ ನಡೆಯುತ್ತೆ. ಆಗ ಈ ಕಾರ್ಯಕರ್ತೆಯ ಕೆಲಸದ ತರಬೇತಿ ಸುಮಾರು ಮೂರು ತಿಂಗಳು. ತೂಕ ಹಾಕೋದು, ಬೆಳವಣಿಗೆ ನಕ್ಷೆಯಲ್ಲಿ ಚುಕ್ಕಿ ಇಟ್ಟು ಗೆರೆ ಎಳೆಯೋದು, ಹಾಡು, ಕಥೆ, ಚಿತ್ರಪಟ, ಮನೆ ಭೇಟಿ. ಆ ಗೆರೆಯನ್ನ ತಾಯಿಗೆ ತೋರಿಸಿ ‘ನೋಡಿ, ಹೋದ ತಿಂಗಳಿಂದ ಮೇಲೆ ಹೋಗಿಲ್ಲ’ ಅಂತ ಹೇಳೋದು ಒಂದು ಕಲೆ.

ಕಾಲಕ್ರಮೇಣ ಈ ತರಬೇತಿ ಸುಮಾರು ಒಂದು ತಿಂಗಳಿಗೆ ಇಳಿಯಿತು. ಕೆಲಸ ಮಾತ್ರ ಇಳಿಯಲಿಲ್ಲ. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ಬೆಳವಣಿಗೆಗೆ ಹೊಸ ಮಾನದಂಡ ತಂದಿತು. ಎರಡು ವರ್ಷದ ನಂತರ ಐಸಿಡಿಎಸ್ ಅದನ್ನು ಒಪ್ಪಿಕೊಂಡಿತು. ಹಳೆಯ ಒಂದು, ಎರಡು, ಮೂರು, ನಾಲ್ಕನೇ ದರ್ಜೆಗಳು ಹೋಗಿ ಹಸಿರು, ಹಳದಿ, ಕಿತ್ತಳೆ ಬಣ್ಣ ಬಂತು. ಗಂಡುಮಗುವಿಗೊಂದು, ಹೆಣ್ಣುಮಗುವಿಗೊಂದು ನಕ್ಷೆ. ದೇಶದ ಲಕ್ಷಾಂತರ ಹೆಂಗಸರು ತಮ್ಮ ವೃತ್ತಿಯ ಮುಖ್ಯ ಸಾಧನವನ್ನ ಹೊಸದಾಗಿ ಓದೋಕೆ ಕಲೀಬೇಕಾಯ್ತು. ಚಾರ್ಟರ್ಡ್ ಅಕೌಂಟೆಂಟ್‌ಗಳಿಗೆ ಜಿಎಸ್‌ಟಿ ಬಂದಾಗ ಎಷ್ಟು ಸೆಮಿನಾರ್ ನಡೆದವು ಅಂತ ನೆನೆಸಿಕೊಳ್ಳಿ.

2018ರ ಮಾರ್ಚ್ 8ಕ್ಕೆ ಪೋಷಣ್ ಅಭಿಯಾನ ಬಂತು. ಪಾಠವನ್ನ 21 ಭಾಗ ಮಾಡಿ, ತಿಂಗಳ ಸಭೆಯಲ್ಲಿ ಸ್ವಲ್ಪ ಸ್ವಲ್ಪ ಕಲಿಸೋ ಕ್ರಮ ಮಾಡಿದರು. ನನ್ನ ಪ್ರಕಾರ ಇದು ಬುದ್ಧಿವಂತ ಬದಲಾವಣೆ. ಒಂದೇ ಸಲ ಸುರಿದದ್ದು ನಿಲ್ಲಲ್ಲ. ಕಲಿತದ್ದನ್ನ ಊರಲ್ಲಿ ಮಾಡಿ ನೋಡಿ, ಮುಂದಿನ ತಿಂಗಳು ಬಂದು ಕೇಳಬಹುದು. ತೊಂದರೆ ಏನಂದ್ರೆ ಈ ಪಾಠ ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ಅಲ್ಲಿಂದ ಮೇಲ್ವಿಚಾರಕಿಗೆ, ಆಮೇಲೆ ಕಾರ್ಯಕರ್ತೆಗೆ ಇಳಿದು ಬರಬೇಕು. ಹೊಲದ ಕೊನೇ ಮಡಿಗೆ ನೀರು ಬರೋ ಹೊತ್ತಿಗೆ ಎಷ್ಟು ಉಳಿಯುತ್ತೆ ಅಂತ ರೈತರನ್ನ ಕೇಳಿ. 2023ರಲ್ಲಿ ‘ಪೋಷಣ್ ಭೀ, ಪಢಾಯಿ ಭೀ’ ಅಂತ ಇನ್ನೊಂದು ಕಾರ್ಯಕ್ರಮ. ಅದರಲ್ಲಿ ಕಾರ್ಯಕರ್ತೆಗೆ ಮೂರು ದಿನದ ತರಬೇತಿ. ಇದು ಈಗಾಗಲೇ ಕೆಲಸದಲ್ಲಿ ಇರೋರಿಗೆ, ಹೊಸಬರ ತರಬೇತಿ ಅಲ್ಲ. ಹಾಗಾಗಿ ಹಳೆಯ ಮೂರು ತಿಂಗಳ ಜೊತೆ ನೇರವಾಗಿ ಹೋಲಿಸೋದು ನ್ಯಾಯ ಅಲ್ಲ. ಆದರೂ ಪೌಷ್ಟಿಕತೆ ಮತ್ತು ಶಾಲಾಪೂರ್ವ ಶಿಕ್ಷಣ ಎರಡನ್ನೂ ಮೂರು ದಿನದಲ್ಲಿ ಮುಗಿಸೋದು ಅಂದ್ರೆ ಓಟವೇ.

ಇಷ್ಟು ವರ್ಷ ಯಾಕೆ ಹೀಗೆ? ನನ್ನ ಬಿಕಾಂ ತಲೆಗೆ ತೋಚೋ ಉತ್ತರ ಇದು. ಐಸಿಡಿಎಸ್‌ನ ಆರು ಸೇವೆಗಳಲ್ಲಿ ಪೂರಕ ಆಹಾರಕ್ಕೆ ಸ್ಟಾಕ್ ರಿಜಿಸ್ಟರ್ ಇದೆ. ಚುಚ್ಚುಮದ್ದಿಗೆ ದಾಖಲೆ ಇದೆ. ಮೊಟ್ಟೆ ಎಷ್ಟು ಬಂತು, ಎಷ್ಟು ಹೋಯ್ತು ಅಂತ ಆಡಿಟ್ ಮಾಡಬಹುದು. ಆದರೆ ಪೌಷ್ಟಿಕತೆ ಮತ್ತು ಆರೋಗ್ಯ ಶಿಕ್ಷಣ ಅನ್ನೋ ಸೇವೆ ಇದೆಯಲ್ಲ, ಒಬ್ಬ ಅತ್ತೆಯ ಮನಸ್ಸು ಬದಲಾಯಿಸಿದ ಅರ್ಧ ಗಂಟೆ ಮಾತು, ಅದಕ್ಕೆ ರಶೀದಿ ಇಲ್ಲ. ರಶೀದಿ ಇಲ್ಲದ ಬಾಬ್ತು ಬಜೆಟ್‌ನಲ್ಲಿ ಮೊದಲು ಕತ್ತರಿಗೆ ಸಿಗುತ್ತೆ. 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್ ಬಂದಿದೆ. ಅದೂ ಬೇಕು, ಬೇಡ ಅನ್ನಲ್ಲ. ಆದರೆ ಆ್ಯಪ್‌ಗೆ ಮಾಹಿತಿ ತುಂಬೋ ಹೊತ್ತು ಕೂಡ ಮನೆ ಭೇಟಿಗೆ ಹೋಗೋ ಅದೇ ಹೆಂಗಸಿನ ಅದೇ ದಿನದಿಂದಲೇ ಬರಬೇಕು.

ಅವಳಿಗೆ ಸಿಗೋದು ಸಂಬಳ ಅಲ್ಲ, ಗೌರವಧನ. ಕೇಂದ್ರದ ಲೆಕ್ಕದಲ್ಲಿ 2018ರ ಅಕ್ಟೋಬರ್‌ನಿಂದ ತಿಂಗಳಿಗೆ 4,500 ರೂಪಾಯಿ, ರಾಜ್ಯ ತನ್ನ ಪಾಲು ಬೇರೆ ಸೇರಿಸುತ್ತೆ. ಗ್ರಾಚ್ಯುಯಿಟಿಗೆ ಅರ್ಹರು ಅಂತ ಹೇಳಿಸಿಕೊಳ್ಳೋಕೆ 2022ರಲ್ಲಿ ಸುಪ್ರೀಂ ಕೋರ್ಟ್ ತೀರ್ಪೇ ಬರಬೇಕಾಯ್ತು. ಸಮತೋಲನ ಊಟದ ಖರ್ಚನ್ನ ಅವಳ ಗೌರವಧನದ ಪಕ್ಕದಲ್ಲಿಟ್ಟು ಲೆಕ್ಕ ಹಾಕಿದರೆ, ಏಕ್ರಾಯ್ಡ್ ಅವರ ಕಾಲಂ ಪಾಠ ಹೇಳೋಳ ಮನೆಗೇ ಬಂದು ನಿಲ್ಲುತ್ತೆ.

ಇವತ್ತಿಗೆ ಇಷ್ಟು. ನಿಮ್ಮ ಅಮ್ಮನೋ ಅಜ್ಜಿಯೋ ಅತ್ತೆಯೋ ಎಪ್ಪತ್ತು ಎಂಬತ್ತರ ದಶಕದಲ್ಲಿ ಗ್ರಾಮಸೇವಿಕೆಯಾಗಿ ಅಥವಾ ಅಂಗನವಾಡಿಯಲ್ಲಿ ಕೆಲಸ ಮಾಡಿದ್ದರೆ, ಅವರ ತರಬೇತಿಯ ನೋಟ್‌ಬುಕ್ಕು ಅಟ್ಟದ ಮೇಲೆ ಇದ್ದರೂ ಇರಬಹುದು. ಹಾಡುಗಳು, ಕೈಯಲ್ಲೇ ಬರೆದ ಚಿತ್ರಗಳು, ಪುಡಿ ಮಾಡೋ ಅಳತೆಗಳು. ಗೆದ್ದಲು ಹಿಡಿಯೋ ಮುಂಚೆ ಇಳಿಸಿ, ಪಕ್ಕದಲ್ಲಿ ಕೂತು ಒಂದೊಂದು ಪುಟಕ್ಕೂ ಏನು ಹೇಳ್ತಾರೆ ಅಂತ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನನಗೂ ಕಳಿಸಿದರೆ, ಮುಂದಿನ ಸಂಚಿಕೆಯನ್ನ ಅವರ ದನಿಯಲ್ಲೇ ಶುರು ಮಾಡೋಣ.